ಬೋರ್ಡಣ್ಣನ ಕಂಪ್ಯೂಟರ್ ಪರೀಕ್ಷೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಬಳಿ ಕಂಪ್ಯೂಟರ್ ಕಲಿತವರಿಗೆಲ್ಲ ಇದು ಗೊತ್ತು. ಮೌಸನ್ನು ಎತ್ತಿ ಗಾಳಿಯಲ್ಲಿ ಆಡಿಸಿದರೆ ಬೈಯುತ್ತೇನೆ, ಸೇವ್ ಮಾಡದೆ ಎದ್ದರೆ ಇನ್ನೂ ಬೈಯುತ್ತೇನೆ. ಬೈಸಿಕೊಂಡೂ ನಕ್ಕವರು ಬೋರ್ಡಣ್ಣ ಒಬ್ಬರೇ.

ಬಸ್ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಬೋರ್ಡು ಬರೆದವರು ಅವರು. ಯಾವ ಬಸ್ಸು ಯಾವ ಊರಿಗೆ ಎಂದು ಜನ ತಿಳಿಯುತ್ತಿದ್ದದ್ದು ಅವರ ಕುಂಚದಿಂದಲೇ. ಈಗ ಬೋರ್ಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುದ್ರಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಡಿಪೋ ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು: ಮೂರು ತಿಂಗಳಲ್ಲಿ ಕಲಿತು ಪರೀಕ್ಷೆ ಪಾಸಾದರೆ ಬೋರ್ಡಿನ ಕೋಣೆ ನಿಮ್ಮದೇ, ಇಲ್ಲವಾದರೆ ಟೈರ್ ಗೋದಾಮು.

ಮೊದಲ ದಿನ ಅವರನ್ನು ಕರೆತಂದು ಕೂರಿಸಿದ್ದು ಅವರ ಹೆಂಡತಿ.

“ಟೀಚರಮ್ಮ, ಹೇಗಾದ್ರೂ ಮಾಡಿ ಕಲಿಸಿಬಿಡಿ. ಗೋದಾಮಿಗೆ ಹಾಕಿದ್ರೆ ಇವರು ಟೈರ್ ಮೇಲೂ ಅಕ್ಷರ ಬರೀತಾರೆ. ಅದು ಉರುಳೋವಾಗ ಓದೋರು ಯಾರು?”

“ನೀನು ಹಿಂದೆ ಓಡ್ಕೊಂಡು ಓದು” ಅಂದರು ಬೋರ್ಡಣ್ಣ.

ನನ್ನ ತರಗತಿ ಅಂದರೆ ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆ. ಆರು ಕಂಪ್ಯೂಟರು, ಒಂದು ಪ್ರಿಂಟರು, ಗರಗರ ಅನ್ನುವ ಒಂದು ಫ್ಯಾನು. ಮೌಸ್ ಹಿಡಿದು ಕೈ ಪಳಗಲಿ ಎಂದು ಎಲ್ಲರಿಗೂ ಮೊದಲು ಚಿತ್ರ ಬಿಡಿಸುವ ‘ಪೇಂಟ್’ ತೆರೆದು ಕೊಡುತ್ತೇನೆ, ಗೆರೆ ಎಳೆಯಿರಿ, ವೃತ್ತ ಬರೆಯಿರಿ ಎನ್ನುತ್ತೇನೆ. ಉಳಿದವರ ವೃತ್ತ ಆಲೂಗಡ್ಡೆಯ ಹಾಗೆ ಬಂತು. ಬೋರ್ಡಣ್ಣ ಮೌಸನ್ನು ಮೂರು ಬೆರಳ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಒಂದೇ ಸುತ್ತು ತಿರುಗಿಸಿದರು. ಬಳೆಯಷ್ಟು ದುಂಡಗೆ ಬಂತು. ನನಗೇ ಹೊಟ್ಟೆಕಿಚ್ಚಾಯಿತು.

ಟೈಪಿಂಗ್ ಮಾತ್ರ ಅವರಿಗೆ ಕಬ್ಬಿಣದ ಕಡಲೆ.

“ಇದೇನಮ್ಮಾ, ‘ಅ’ ಎಲ್ಲೋ, ‘ಕ’ ಎಲ್ಲೋ! ಅಕ್ಷರಗಳನ್ನ ಹೀಗೆ ಚೆಲ್ಲಾಪಿಲ್ಲಿ ಮಾಡಿದ್ದು ಯಾರು?”

“ನಾನಂತೂ ಅಲ್ಲಣ್ಣ. ಸುಮ್ನೆ ಬೆರಳಿಡಿ.”

ಆದರೂ ಎರಡನೇ ತಿಂಗಳಿಂದ ಪ್ರತಿ ಶನಿವಾರ ಅವರು ಪ್ರಿಂಟ್ ತೆಗೆದ ಅಭ್ಯಾಸದ ಹಾಳೆ ನನ್ನ ಮೇಜಿಗೆ ಬರತೊಡಗಿತು. ಒಂದು ತಪ್ಪಿಲ್ಲ. ಅಕ್ಷರಗಳು ನೋಡಿದರೆ ನೋಡುತ್ತಲೇ ಇರಬೇಕು. ನಾನು ಕೆಂಪು ಪೆನ್ನಿನಲ್ಲಿ ‘ಭೇಷ್’ ಎಂದು ಬರೆದುಕೊಡುತ್ತಿದ್ದೆ. ಇಷ್ಟು ಚೆಂದದ ಅಕ್ಷರ ನನ್ನ ಕಂಪ್ಯೂಟರಿನಲ್ಲಿ ಎಲ್ಲಿತ್ತು ಎಂದು ಒಮ್ಮೆಯೂ ಯೋಚಿಸಲಿಲ್ಲ. ದಡ್ಡಿ ನಾನು! ಉಳಿದವರ ಮೇಲೆ ಕೂಗಾಡುವುದರಲ್ಲೇ ನನಗೆ ಪುರುಸೊತ್ತಿರಲಿಲ್ಲ.

ಪರೀಕ್ಷೆಯ ದಿನ ಮ್ಯಾನೇಜರ್ ಖುದ್ದಾಗಿ ಬಂದರು. ಮಾತಿಗೆ ತೆರಿಗೆ ಕಟ್ಟುವವರ ಹಾಗೆ ಅಳೆದು ತೂಗಿ ಮಾತಾಡುವ ಮನುಷ್ಯ. ನಾಲ್ಕು ಸಾಲಿನ ಒಂದು ಪ್ರಕಟಣೆ ಕೊಟ್ಟರು: ನಾಳೆಯಿಂದ ಮೊದಲ ಬಸ್ಸು ಬೆಳಿಗ್ಗೆ ಐದೂವರೆಗೆ ಹೊರಡುತ್ತದೆ, ಇತ್ಯಾದಿ. ಟೈಪ್ ಮಾಡಿ, ಸೇವ್ ಮಾಡಿ, ಪ್ರಿಂಟ್ ತೆಗೆಯಬೇಕು. ಸಮಯ ಒಂದು ಗಂಟೆ. ಮುಗಿಯುವವರೆಗೆ ನಾನು ಅವರ ಹತ್ತಿರ ಹೋಗುವಂತಿಲ್ಲ.

ಅರ್ಧ ಗಂಟೆಗೆಲ್ಲ ಬೋರ್ಡಣ್ಣ ಪ್ರಿಂಟ್ ತಂದು ಕೈಗಿಟ್ಟರು. ಮ್ಯಾನೇಜರ್ ಹುಬ್ಬೇರಿಸಿದರು.

“ಚೆನ್ನಾಗಿದೆ. ಈಗ ಒಂದು ಬದಲಾವಣೆ. ‘ಮೊದಲ’ ಆದ್ಮೇಲೆ ‘ನೇರ’ ಅಂತ ಸೇರಿಸಿ.”

“ಅಲ್ಲಿ ಜಾಗ ಇಲ್ಲ ಸಾರ್. ಇಡೀ ಸಾಲು ಅಳಿಸಿ ಹೊಸದಾಗಿ ಬರೀಬೇಕು.”

“ಅಳಿಸೋದ್ಯಾಕೆ?” ಎನ್ನುತ್ತ ಮ್ಯಾನೇಜರ್ ಪರದೆಗೆ ಬಗ್ಗಿದರು. ನಾನೂ ಕತ್ತು ಉದ್ದ ಮಾಡಿ ನೋಡಿದೆ. ಪರದೆಯ ಮೇಲಿದ್ದದ್ದು ಪೇಂಟ್! ಮಹಾರಾಯರು ನಾಲ್ಕೂ ಸಾಲುಗಳನ್ನು ಮೌಸಿನಲ್ಲಿ, ಕೈಯಾರೆ, ಒಂದೊಂದೇ ಅಕ್ಷರ ಬರೆದಿದ್ದರು. ಎರಡು ತಿಂಗಳಿಂದಲೂ ಇದೇ ಕಥೆ. ನಾನು ಭೇಷ್ ಅಂದದ್ದೆಲ್ಲ ಈ ಘನಕಾರ್ಯಕ್ಕೆ.

“ಇದು ಚಿತ್ರ” ಅಂದರು ಮ್ಯಾನೇಜರ್. “ಟೈಪ್ ಮಾಡಿ ಅಂದಿದ್ದೆ. ಇನ್ನು ಇಪ್ಪತ್ತೈದು ನಿಮಿಷ ಇದೆ.”

“ಯಾಕಣ್ಣ ಹೀಗೆ ಮಾಡಿದ್ರಿ?” ಎಂದು ಕಿರುಚಿಯೇಬಿಟ್ಟೆ.

ಬೋರ್ಡಣ್ಣನ ಮುಖ ಬಾಡಿತು. “ಕೀಬೋರ್ಡಲ್ಲಿ ಕೈ ತಪ್ಪುತ್ತಮ್ಮ. ತಪ್ಪಿದ್ರೆ ಏನು ಮಾಡ್ಲಿ? ಒಂದು ಪದ ಬಿಟ್ಟುಹೋದ್ರೆ ಇಡೀ ಹಲಗೆ ಕೆರೆದು ಬಣ್ಣ ಬಳಿದು ಮತ್ತೆ ಬರೆದೋನು ನಾನು. ಅದಕ್ಕೇ ಭಯ.”

ಅಯ್ಯೋ, ತಪ್ಪನ್ನು ತಿದ್ದುವುದು ಹೇಗೆಂದು ನಾನು ಹೇಳಿಕೊಟ್ಟಿದ್ದೆ, ಒಂದಲ್ಲ ಹತ್ತು ಸಲ. ಆದರೆ ಕೂಗಿ ಹೇಳಿದ್ದೆ. ಹೆದರಿ ಕೂತವರ ಕಿವಿಗೆ ಕೂಗು ಕೇಳಿಸುತ್ತದೆ, ಪಾಠ ಕೇಳಿಸುವುದಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಬೋರ್ಡಣ್ಣ ಟೈಪಿಂಗಿನ ಹೊಸ ಹಾಳೆ ತೆರೆದರು. ಕುಂಚ ಹಿಡಿದಾಗಿನ ಹಾಗೆ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು, ಒಂದೇ ಬೆರಳಲ್ಲಿ ಕುಟ್ಟತೊಡಗಿದರು. ಒಂದಕ್ಷರ ಹುಡುಕಬೇಕು, ಒತ್ತಬೇಕು, ತಲೆಯೆತ್ತಿ ಪರದೆ ನೋಡಬೇಕು. ನನಗೆ ಜೀವ ಬಾಯಿಗೆ ಬಂದಿತ್ತು. ಬಾಯಿ ತೆರೆದರೆ ಬೈದುಬಿಡುತ್ತೇನೆಂದು ಸೆರಗು ಕಚ್ಚಿಕೊಂಡು ನಿಂತೆ. ನಾಲ್ಕು ಸಾಲು ಮುಗಿದಾಗ ಉಳಿದದ್ದು ನಾಲ್ಕೇ ನಿಮಿಷ.

“ಈಗ ಆ ಪದ” ಅಂದರು ಮ್ಯಾನೇಜರ್.

ಬೋರ್ಡಣ್ಣ ‘ಮೊದಲ’ದ ಪಕ್ಕ ಕ್ಲಿಕ್ ಮಾಡಿದರು. ಪಕ್ಕದ ಅಕ್ಷರದ ಮೇಲೆ ಹೊಸ ಅಕ್ಷರ ಬಿದ್ದು ಎಲ್ಲ ಕೆಟ್ಟುಹೋಗುತ್ತದೆ ಎಂದೇ ಅವರ ಲೆಕ್ಕ. ಕಣ್ಣು ಮುಚ್ಚಿ ‘ನೇ’ ಒತ್ತಿದರು, ಒಂದು ಕಣ್ಣು ತೆರೆದರು. ಬಸ್ಸು, ಬೆಳಿಗ್ಗೆ, ಐದೂವರೆ, ಎಲ್ಲವೂ ಒಟ್ಟಿಗೆ ಪಕ್ಕಕ್ಕೆ ಸರಿದು ನಿಂತಿದ್ದವು.

“ಅಮ್ಮಾ! ಸರೀತಾ ಇವೆ! ಜಾಗ ಬಿಡ್ತಾ ಇವೆ!”

‘ರ’ ಒತ್ತಿದರು. ಮತ್ತೆ ಸರಿದವು. ಖಾತ್ರಿ ಮಾಡಿಕೊಳ್ಳಲು ಪದ ಅಳಿಸಿದರು, ಸಾಲು ಕೂಡಿಕೊಂಡಿತು. ಮತ್ತೆ ಬರೆದರು, ಜಾಗ ಬಿಟ್ಟುಕೊಟ್ಟಿತು.

“ಬಸ್ಸಲ್ಲಿ ಜನ ಹೀಗೆ ಸರಿಯೋದಿಲ್ಲ ಸಾರ್! ಬೈದ್ರೂ ಸರಿಯೋದಿಲ್ಲ!”

“ಸೇವ್ ಮಾಡ್ರೀ ಅಣ್ಣಾ!” ಎಂದು ಕೂಗಿದೆ. ಅಷ್ಟು ಖುಷಿಯಿಂದ ಯಾರನ್ನೂ ಬೈದಿರಲಿಲ್ಲ ನಾನು. ಸೇವ್ ಆಯಿತು. ಪ್ರಿಂಟರ್ ಕುಯ್ಯೋ ಎಂದು ಹಾಳೆ ಉಗುಳಿತು. ಮ್ಯಾನೇಜರ್ ಅದನ್ನು ಓದಿ, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು.

“ಪಾಸು. ಸೋಮವಾರ ನಿಮ್ಮ ಕೋಣೆಗೆ ಬನ್ನಿ.”

ಬೋರ್ಡಣ್ಣ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ಕಿವಿಯವರೆಗೆ ನಗುತ್ತಿತ್ತು. ಬೆರಳು ಇನ್ನೂ ಕೀಬೋರ್ಡಿನ ಮೇಲೇ ಇತ್ತು.

“ಸಾರ್, ಇನ್ನೊಂದು ಪದ ಹೇಳಿ ಸಾರ್. ಸೇರಿಸ್ತೀನಿ.”

ಮಾತು ಅಳೆದು ಆಡುವ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ಯಾವ ಪದ ಹೇಳಲಿ ಎಂದು ಯೋಚಿಸತೊಡಗಿದರು.