ಮೊರೊತಿಯ ಕಣ್ಣಿಗಿಟ್ಟ ಐಸು

ಐಸ್‌ಪೆಟ್ಟಿಗೆಯನ್ನು ರುಮಿಲ್ದಾ ಪಿಕಪ್ ಗಾಡಿಯ ಹಿಂದುಗಡೆ ಇಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಮೊಣಕಾಲುಗಳಿಂದ ಒತ್ತಿ ಹಿಡಿದಿದ್ದಳು. ಅಕಹಾಯ್ ಊರಿನ ಕಸಾಯಿಖಾನೆ ಬಿಟ್ಟಾಗಿನಿಂದ ಹಾಗೇ ಕೂತು ಕಾಲು ಜೋಮು ಹಿಡಿದಿತ್ತು. ರಸ್ತೆಯಲ್ಲಿ ಗುಂಡಿ ಬಂದಾಗೆಲ್ಲ ಅವಳ ಕೈ ತಾನಾಗಿ ಮುಚ್ಚಳದ ಮೇಲೆ ಹೋಗುತ್ತಿತ್ತು.

"ನ್ಯಾ ರುಮಿ, ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ ಕೂತಿದ್ದೀರಲ್ಲ," ಎಂದ ತಾನಿ. ವಿಶ್ವವಿದ್ಯಾಲಯದ ಗಾಡಿ ಓಡಿಸುವವನು ಅವನು; ಹಿರಿಯ ಹೆಂಗಸರನ್ನು ಅಲ್ಲಿ ಗೌರವಕ್ಕೆ ನ್ಯಾ ಎನ್ನುತ್ತಾರೆ. "ಕಾವು ಕೊಟ್ಟು ಮರಿ ಮಾಡ್ತೀರಾ?"

"ಕಾವು ತಾಗಬಾರ್ದು ಅಂತಲೇ ಹಿಡ್ಕೊಂಡಿರೋದು. ನೀನು ರಸ್ತೆ ನೋಡು ಮಾರಾಯ."

ಪೆಟ್ಟಿಗೆಯಲ್ಲಿ ಮೂರು ಚೀಲ ಐಸು ಇತ್ತು. ಎರಡು ಮೇಲೆ, ಒಂದು ಕೆಳಗೆ. ನಡುವೆ, ಒಳಗಿನದು ಕಾಣುವ, ಬಿಗಿಯಾಗಿ ತಿರುಪಿದ ಒಂದು ಡಬ್ಬಿ. ಡಬ್ಬಿಯೊಳಗೆ ಮೊರೊತಿ ಎಂಬ ಬಿಳಿ ಹಸುವಿನ ಎರಡು ಕಣ್ಣುಗುಡ್ಡೆ.

ಮೊರೊತಿ ಇರುಳುಗುರುಡಿ. ಹಗಲು ಎಲ್ಲ ಹಸುಗಳ ಹಾಗೆ ಮೇಯುತ್ತಿದ್ದಳು. ಹೊತ್ತು ಇಳಿದದ್ದೇ ನಿಂತಲ್ಲೇ ನಿಂತು ಕೂಗುತ್ತಿದ್ದಳು. ಅವಳ ತಾಯಿಗೂ ಹಾಗೇ ಇತ್ತಂತೆ, ಅಕ್ಕನಿಗೂ ಇತ್ತಂತೆ. ಅವೆರಡೂ ಸತ್ತು ಹೋಗಿದ್ದವು. ಪ್ರತಿ ಸಂಜೆ ಅವಳ ಮುದಿ ಯಜಮಾನ, ಊರವರು ಗೌರವದಿಂದ ಕರಾಯಿ ಎನ್ನುವ ಸಿಂದುಲ್ಫೊ, ಹಗ್ಗ ಹಿಡಿದು ಹೋಗಿ ಮನೆಗೆ ನಡೆಸಿಕೊಂಡು ಬರುತ್ತಿದ್ದರು. ಮೊನ್ನೆ ಅವರಿಗೆ ಜ್ವರ. ಹಸು ತಾನೇ ದಾರಿ ಹುಡುಕಲು ಹೋಗಿ ಕಾಲುವೆಗೆ ಬಿದ್ದು ಸೊಂಟ ಮುರಿದುಕೊಂಡಿತು. ಕಡಿಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮುದುಕರು ಕಸಾಯಿಯವನಿಗೆ ಹೇಳುವ ಮುಂಚೆ ರುಮಿಲ್ದಾಗೆ ಫೋನ್ ಮಾಡಿದರು. ಒಂದು ವರ್ಷದಿಂದ ಬಂದು ಬಂದು ಹಸುವಿನ ಕಣ್ಣಿಗೆ ದೀಪ ಹಿಡಿದು ನೋಡಿ ಹೋಗುತ್ತಿದ್ದವಳು ಅವಳೇ.

"ಒಂದೇ ಮಾತು, ಮಗಳೇ," ಎಂದಿದ್ದರು ಈ ಬೆಳಿಗ್ಗೆ, ಕಸಾಯಿಖಾನೆಯ ಹೊರಗೆ ಟೋಪಿ ಕೈಯಲ್ಲಿ ಹಿಡಿದು. "ಮಾಂಸ ಯಾರಾದ್ರೂ ತಿನ್ಲಿ. ಕಣ್ಣು ಮಾತ್ರ ನಾಯಿ ಪಾಲಾಗಬಾರ್ದು."

"ಆಗಲ್ಲ, ಕರಾಯಿ. ನಾನಿದ್ದೀನಿ."

ಹಾಗೆ ಹೇಳಿದ್ದು ಈಗ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ಸಾನ್ ಲೊರೆನ್ಸೊದಲ್ಲಿ ಅವಳು ಕೆಲಸ ಮಾಡುವ ವಿಶ್ವವಿದ್ಯಾಲಯದ ಪ್ರಯೋಗಶಾಲೆಯ ಫ್ರೀಜರಿನಲ್ಲಿ ಆರೋಗ್ಯವಂತ ದನಗಳ ಕಣ್ಣಿನ ಪದರ ಬೇಕಾದಷ್ಟಿದ್ದವು. ರೋಗದ ಕಣ್ಣು ಅಂತ ಸಿಕ್ಕಿದ್ದು ಇವೆರಡೇ. ಕಣ್ಣಿನ ಹಿಂಗೋಡೆಗೆ ಹಾಲಿನ ಕೆನೆಯ ಹಾಗೆ ಅಂಟಿಕೊಂಡಿರುತ್ತದೆ ರೆಟಿನಾ. ಅದರ ಒಂದೊಂದು ಕೋಶದಲ್ಲೂ ಎಲ್ಲ ಜೀನುಗಳೂ ಇರುತ್ತವೆ, ಆದರೆ ಎಲ್ಲವೂ ಒಟ್ಟಿಗೆ ಬಾಯಿ ತೆರೆಯುವುದಿಲ್ಲ. ಯಾವುದು ಮಾತಾಡುತ್ತಿದೆ, ಯಾವುದು ಸುಮ್ಮನಾಗಿದೆ ಎಂದು ತಿಳಿಯುವುದು ಅವು ಹೊರಡಿಸುವ ಆರ್‌ಎನ್‌ಎ ಎಂಬ ನಕಲುಗಳಿಂದ. ಮೊರೊತಿಯ ಕಣ್ಣಿನಲ್ಲಿ ಯಾವ ಜೀನು ಮೂಕವಾಗಿತ್ತು ಎನ್ನುವುದೇ ಪ್ರಶ್ನೆ. ಪ್ರಾಣಿ ಸತ್ತ ಮೇಲೆ ಆ ನಕಲುಗಳು ಬಿಸಿಲಿಗಿಟ್ಟ ಬೆಣ್ಣೆ. ಎಂದಿನಂತೆ ದ್ರವ ನೈಟ್ರೋಜನ್ ಇದ್ದಿದ್ದರೆ ಕಲ್ಲಾಗಿಸಿ ತರಬಹುದಿತ್ತು. ಆ ವಾರ ಅದರ ಲಾರಿ ಬಂದಿರಲಿಲ್ಲ. ಎರಡು ಗಂಟೆಯ ದಾರಿ, ಐಸು ಸಾಕು ಎಂದಿದ್ದರು ಪ್ರಯೋಗಶಾಲೆಯ ಮುಖ್ಯಸ್ಥೆ ಡಾಕ್ಟರ್ ಗ್ರಿಸೆಲ್ಡಾ.

ಕರಪೆಗ್ವಾ ಊರಿಗೆ ಇನ್ನೇನು ಬಂತು ಎನ್ನುವಾಗ ಮುಂದಿನ ಲಾರಿ ನಿಂತಿತು. ಅದರ ಮುಂದಿನದೂ ನಿಂತಿತ್ತು. ರಸ್ತೆಗೆ ಅಡ್ಡಲಾಗಿ ಎರಡು ಟ್ರ್ಯಾಕ್ಟರ್, ಖಾಲಿ ಪೆಟ್ಟಿಗೆಗಳ ಗೋಡೆ, ಗಡಿಯಾಚೆಯಿಂದ ಕದ್ದು ಬರುವ ಟೊಮೇಟೊ ನಿಲ್ಲಿಸಿ ಎಂದು ಬರೆದ ಬಟ್ಟೆ. ಜನವರಿಯ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು.

ತಾನಿ ಕಿಟಕಿಯಿಂದ ತಲೆ ಹಾಕಿದ. "ಯಾವಾಗ ಬಿಡ್ತೀರಣ್ಣ?"

"ಮಂತ್ರಿ ಫೋನ್ ಮಾಡಿದ್ಮೇಲೆ," ಎಂದ ಒಬ್ಬ ಬೆಳೆಗಾರ.

"ಮಂತ್ರಿ ಯಾವಾಗ ಮಾಡ್ತಾರೆ?"

"ಅದನ್ನ ಮಂತ್ರೀನೇ ಕೇಳು."

ರುಮಿಲ್ದಾ ಕಾದಳು. ಬಸ್ಸುಗಳ ಜನ ಇಳಿದು ಮರದ ನೆರಳು ಹಂಚಿಕೊಂಡರು. ಕೊನೆಗೆ ತಡೆಯಲಾರದೆ, ದೂರದಲ್ಲಿ ನಿಂತಿದ್ದ ಪೊಲೀಸಿನವನ ಹತ್ತಿರ ಹೋದಳು. ಪೆಟ್ಟಿಗೆ ಬಿಟ್ಟು ಹೋದದ್ದು ಅದೇ ಮೊದಲು. ಪೊಲೀಸಿನವನು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, "ನಾನೂ ನಿಮ್ಮ ಹಾಗೇ ಸಿಕ್ಕಿಹಾಕ್ಕೊಂಡಿದ್ದೀನಿ, ಅಮ್ಮ," ಎಂದ.

ವಾಪಸು ಬರುವಾಗ ಎದುರಿಗೆ ಒಬ್ಬ ಹೆಂಗಸು ಹೂಜಿ ಹಿಡಿದು ಹೋಗುತ್ತಿದ್ದಳು. ಹೂಜಿಯಲ್ಲಿ ಐಸು ಗಲಗಲ ಎನ್ನುತ್ತಿತ್ತು. "ದೇವರು ಒಳ್ಳೇದು ಮಾಡ್ಲಿ," ಎಂದು ರುಮಿಲ್ದಾಗೇ ಹೇಳಿ ಹೋದಳು.

ರುಮಿಲ್ದಾ ಓಡಿದಳು. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಮೇಲಿನ ಎರಡು ಚೀಲ ಇರಲಿಲ್ಲ. ಡಬ್ಬಿ ಹಗಲ ಬೆಳಕಿನಲ್ಲಿ ಕಾಣುತ್ತಿತ್ತು.

"ಏನೋ ಮಾಡಿದೆ?"

ತಾನಿಯ ಮುಖ ಅವಳನ್ನು ನೋಡಿದ ಮೇಲೆ ಬಿಳುಚಿತು. "ಐಸ್ ಇದ್ಯಾ ಅಂತ ಕೇಳಿದ್ರು."

"ಅದಕ್ಕೆ?"

"ಇದೆ ಅಂದೆ. ಕೆಳಗಿನ ಚೀಲ ಮುಟ್ಟಿಲ್ಲ, ನ್ಯಾ ರುಮಿ, ನಮ್ಮಮ್ಮನ ಆಣೆ."

ಅವನಿಗೆ ಬಯ್ಯಲು ಹೊರಟು ತಡೆದುಕೊಂಡಳು. ಆ ಸೀಮೆಯಲ್ಲಿ ಸಾಲ ಕೇಳಿದವರಿಗೆ ಇಲ್ಲ ಅನ್ನಬಹುದು, ಮಗಳನ್ನು ಕೇಳಿ ಬಂದವರಿಗೂ ಇಲ್ಲ ಅನ್ನಬಹುದು. ತೆರೆರೆ ಎಂಬ ತಂಪು ಪಾನೀಯಕ್ಕೆ ಐಸು ಕೇಳಿದವರಿಗೆ ಮಾತ್ರ ಇಲ್ಲ ಎಂದವರಿಲ್ಲ. ಸೊಪ್ಪು ಜಜ್ಜಿ ಹಾಕಿದ ತಣ್ಣನೆ ನೀರನ್ನು ಕೊಂಬಿನ ಬಟ್ಟಲಿಗೆ ಹೊಯ್ದು, ಒಂದೇ ಕೊಳವೆಯಲ್ಲಿ ಊರೆಲ್ಲ ಸರದಿಯಂತೆ ಹೀರುವ ಜನ. ಐಸು ಯಾರದ್ದೋ ಒಬ್ಬರದ್ದು ಎಂದು ಅವರಿಗೆ ತೋಚುವುದೇ ಇಲ್ಲ. ತಾನಿಯ ಬಾಯಿಂದ "ಇದೆ" ಎಂದು ಹೊರಟಿದ್ದು ಕೆಮ್ಮು ಹೊರಟ ಹಾಗೆ.

ಅವಳು ಮುಚ್ಚಳ ಒತ್ತಿ ಹಾಕಿ, ಮೇಲೆ ತನ್ನ ಬಿಳಿ ಕೋಟು ಹೊದಿಸಿದಳು. ಆದರೆ ಸುದ್ದಿ ಆಗಲೇ ನಿಂತ ಗಾಡಿಗಳ ಸಾಲಿನ ತುದಿ ಮುಟ್ಟಿತ್ತು. ಹುಲ್ಲಿನ ಟೋಪಿಯ ಒಬ್ಬ ಮುದುಕಿ ಸೊಂಟದ ಮೇಲೆ ಹೂಜಿ ಇಟ್ಟುಕೊಂಡು ಬಂದಳು. ನ್ಯಾ ದೆಯೊಲಿಂದಾ ಅಂತ ಅವಳ ಹೆಸರು. ಪೆಟ್ಟಿಗೆಗಳ ಗೋಡೆಯ ಮೇಲೆ ಬೆಳಗಿನಿಂದ ಕೂತು ಕೂಗು ಹಾಕುತ್ತಿದ್ದವಳು.

"ಇಲ್ಲಿ ಐಸ್ ಇದ್ಯಂತೆ, ರಾಣೀ. ಒಂದು ಹಿಡಿ ಹಾಕು."

"ಇಲ್ಲ," ಎಂದಳು ರುಮಿಲ್ದಾ.

ಸುತ್ತ ಇದ್ದವರು ತಿರುಗಿ ನೋಡಿದರು. ಅವಳ ಕಿವಿ ಕಾದವು. ನಲವತ್ತಾರು ವರ್ಷಕ್ಕೆ ಆ ಮಾತು ಅವಳ ಬಾಯಲ್ಲಿ ಮೊದಲ ಸಲ ಬಂದಿತ್ತು. ಇತಾಗುವಾ ಊರಿನಲ್ಲಿ, ಜೇಡರಬಲೆಯಂಥ ಲೇಸು ಹೆಣೆಯುವ ಅವಳ ತವರಿನ ಜಗಲಿಯಲ್ಲಿ ಇದನ್ನಾಡಿದ್ದರೆ ಅಮ್ಮ ಸೂಜಿಯಿಂದಲೇ ಚುಚ್ಚುತ್ತಿದ್ದಳು.

"ಇಲ್ವಾ? ಮತ್ತೆ ಆ ಪೆಟ್ಟಿಗೆಗೆ ಯಾಕೆ ಚಳಿ ಆದ ಹಾಗೆ ಕೋಟು?"

ತಾನಿ ಮಧ್ಯೆ ಬಾಯಿ ಹಾಕಿದ. "ಅದರಲ್ಲಿ ಕಣ್ಣಿದೆ, ನ್ಯಾ! ಮನುಷ್ಯರ ಕಣ್ಣು! ಆಪರೇಷನ್‌ಗೆ! ನಮ್ಮನ್ನ ಬಿಟ್ಬಿಡಿ."

ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಹಿಂದೆ ನಿಂತಿದ್ದ ಹುಡುಗನೊಬ್ಬ ಬಾಯಿಯಲ್ಲಿದ್ದ ತೆರೆರೆ ಉಗಿದ. ರುಮಿಲ್ದಾ ಸುಮ್ಮನಿದ್ದಳು. ಸುಳ್ಳು ತಾನು ಹೇಳಿದ್ದಲ್ಲ. ಸುಮ್ಮನಿದ್ದರೆ ಸಾಕು, ಟ್ರ್ಯಾಕ್ಟರ್ ಪಕ್ಕಕ್ಕೆ ಸರಿಯುತ್ತದೆ ಅನ್ನಿಸಿತು.

ನ್ಯಾ ದೆಯೊಲಿಂದಾ ಮಾತ್ರ ಕೋಟು ಸರಿಸಿ, ಮುಚ್ಚಳ ಎತ್ತಿ, ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಷ್ಟು ದೊಡ್ಡ ಕಣ್ಣಿನ ಗಂಡಸನ್ನ ನಾನು ಕಂಡಿಲ್ಲಪ್ಪ," ಎಂದಳು. "ಕಂಡಿದ್ರೆ ಮದ್ವೆ ಆಗ್ತಿದ್ದೆ."

ಜನ ಘೊಳ್ಳೆಂದು ನಕ್ಕರು. ಉಗಿದ ಹುಡುಗನ ಬೆನ್ನಿಗೆ ಯಾರೋ ಗುದ್ದಿದರು. ತಾನಿ ಟೋಪಿ ಮುಖಕ್ಕೆ ಎಳೆದುಕೊಂಡ.

"ಹಸುವಿನದು," ಎಂದಳು ರುಮಿಲ್ದಾ. "ಸಂಜೆ ಆದ್ರೆ ಕುರುಡಾಗೋ ಹಸು. ಯಾಕೆ ಅಂತ ನೋಡ್ಬೇಕು. ತಣ್ಣಗಿದ್ರೆ ಮಾತ್ರ ಗೊತ್ತಾಗೋದು. ಅಕಹಾಯ್‌ನಲ್ಲಿ ಒಬ್ಬ ಯಜಮಾನರು ನನ್ನ ನಂಬಿ ಕೊಟ್ಟಿದ್ದಾರೆ. ಇನ್ನೊಂದು ಇಲ್ಲ."

"ಹಸುವಿನ ಕಣ್ಣಿಗೆ ರಸ್ತೆ ಬಿಡಕ್ಕಾಗಲ್ಲ, ರಾಣೀ. ಬಿಟ್ರೆ ನಾಳೆ ಹಂದಿಯ ಕಿವಿಗೂ ಬಿಡು ಅಂತಾರೆ." ಮುದುಕಿ ಬೆರಳಿನಿಂದ ಡಬ್ಬಿ ಮುಟ್ಟಿದಳು. "ಬೆಚ್ಚಗಾಗ್ತಾ ಇದೆ. ಮೇಲಿನ ಐಸು ಎಲ್ಲಿ ಹೋಯ್ತು?"

ಸುತ್ತ ನಿಂತಿದ್ದ ಎಲ್ಲರ ಕೈಯಲ್ಲೂ ಹೂಜಿ ಇತ್ತು.

ನ್ಯಾ ದೆಯೊಲಿಂದಾ ಟೋಪಿ ತೆಗೆದು ಸಾಲಿನ ಕಡೆ ಕೂಗಿದಳು. "ಏಯ್! ಬಿಳಿ ಪಿಕಪ್‌ನಲ್ಲಿ ಐಸ್ ಇಸ್ಕೊಂಡೋರು ಎಲ್ಲ ಬನ್ನಿ ಇಲ್ಲಿ! ಕುಡ್ದಿದ್ದು ಹೊಟ್ಟೇಲಿರ್ಲಿ, ಮಿಕ್ಕಿದ್ದು ಸುರೀರಿ!"

ಅವರು ಬಂದರು. ಕೆಲವರು ನಾಚಿಕೊಂಡು, ಕೆಲವರು ಗೊಣಗುತ್ತ. ಹೂಜಿ ಬಗ್ಗಿಸಿ, ಐಸು ಬೆರಳಿನಿಂದ ತಡೆದು, ನೀರು ಚೆಲ್ಲಿ, ಉಳಿದ ತುಂಡು ಮಾತ್ರ ಹಾಕಲು ನೋಡಿದರು. ತುಂಡುಗಳು ಸವೆದು ನಿಂಬೆ ಬೀಜದಷ್ಟಾಗಿದ್ದವು. ಜೊತೆಗೆ ಪುದೀನದ ಎಲೆ, ಜಜ್ಜಿದ ಬೇರು. ಐಸನ್ನೇ ಪಡೆಯದ ಬಸ್ ಡ್ರೈವರೊಬ್ಬ ತನ್ನ ಕೋಲ್ಡ್ ಡ್ರಿಂಕ್ ಬಾಟಲಿಯನ್ನು ಹಾಗೇ ಡಬ್ಬಿಯ ಪಕ್ಕದಲ್ಲಿ ನಿಲ್ಲಿಸಿ ಹೋದ. ರುಮಿಲ್ದಾ ನೀರು ಬಸಿಯುತ್ತ, ಐಸನ್ನು ಡಬ್ಬಿಯ ಸುತ್ತ ಒತ್ತುತ್ತ ಹೋದಳು. ಮೇಲಿನ ಎರಡು ಚೀಲದ ಜಾಗ ತುಂಬಲಿಲ್ಲ. ಅರ್ಧವೂ ತುಂಬಲಿಲ್ಲ.

ಮಂತ್ರಿಯ ಫೋನ್ ಬರಲಿಲ್ಲ. ಮಧ್ಯಾಹ್ನ ಬೆಳೆಗಾರರಿಗೇ ಹಸಿವಾಗಿ ಒಂದು ಬದಿ ತೆರೆದರು.

ಸಾನ್ ಲೊರೆನ್ಸೊ ಮುಟ್ಟಿದಾಗ ಊರು ಮಧ್ಯಾಹ್ನದ ನಿದ್ದೆಯಲ್ಲಿತ್ತು. ಡಾಕ್ಟರ್ ಗ್ರಿಸೆಲ್ಡಾ ಮಾತ್ರ ಕೈಗವಸು ಹಾಕಿಕೊಂಡೇ ಕಾಯುತ್ತಿದ್ದರು. ರಸ್ತೆ ತಡೆಯ ಸುದ್ದಿ ರೇಡಿಯೋದಲ್ಲಿ ಬಂದಿತ್ತು. ಐಸು ಕರಗಿದ್ದಕ್ಕೆ ಅಷ್ಟೇ ನೆಪ ಸಾಕಿತ್ತು; ಅದಕ್ಕಿಂತ ಹೆಚ್ಚು ಹೇಳಬೇಕೆಂದು ರುಮಿಲ್ದಾಳನ್ನು ಯಾರೂ ಕೇಳುತ್ತಿರಲಿಲ್ಲ. ತಾನಿಯೂ ಮೆಟ್ಟಿಲ ಬಳಿ ಅಷ್ಟೇ ಹೇಳಿ ಎಂದು ಅವಳನ್ನು ಬೇಡಿಕೊಂಡಿದ್ದ.

ಅವಳು ಡಬ್ಬಿ ಮೇಜಿನ ಮೇಲಿಟ್ಟಳು. ಅದರ ಪಕ್ಕೆಗೆ ಒಂದು ಪುದೀನ ಎಲೆ ಅಂಟಿತ್ತು.

ಡಾಕ್ಟರ್ ಚಿಮಟದಿಂದ ಅದನ್ನು ಎತ್ತಿದರು. "ಇದೇನು?"

ರುಮಿಲ್ದಾ ಹೇಳಿದಳು. ಪೊಲೀಸಿನವನ ಹತ್ತಿರ ಹೋದದ್ದು, ಹೂಜಿ, ತಾನಿಯ ಸುಳ್ಳು, ತಾನು ಸುಮ್ಮನಿದ್ದದ್ದು, ಎಲ್ಲವನ್ನೂ. ಡಾಕ್ಟರ್ ಎಲೆಯನ್ನು ತಟ್ಟೆಯ ಅಂಚಿನಲ್ಲಿ ಇಟ್ಟು ಅದನ್ನೇ ನೋಡುತ್ತ ನಿಂತರು.

"ಬಯ್ಯೋಣ ಅಂದ್ರೆ," ಎಂದರು ಕೊನೆಗೆ, "ನನ್ನ ಕೇಳಿದ್ರೂ ಇದೆ ಅಂತಲೇ ಅಂದಿರ್ತಿದ್ದೆ. ಅದೇ ಸಿಟ್ಟು ನನಗೆ. ಕೊಯ್ಯಿ."

ಕೊಯ್ಯುವುದು ರುಮಿಲ್ದಾಳ ಕೆಲಸ. ಕಣ್ಣಿನ ಮುಂಭಾಗ ಮುಚ್ಚಳದಂತೆ ತೆಗೆದು, ಒಳಗಿನ ಲೋಳೆ ಹೊರಹಾಕಿ, ಪದರ ಬಿಡಿಸಬೇಕು. ತಾಜಾ ಇದ್ದರೆ ಅದು ಒಂದೇ ತುಂಡಾಗಿ ಎದ್ದು ಬರುತ್ತದೆ. ಹಿಂದೆ ನವಿಲಿನ ಕತ್ತಿನ ಬಣ್ಣ ಹೊಳೆಯುತ್ತದೆ. ಎಡಗಣ್ಣಿನದು ಎದ್ದು ಬಂತು. ಬಲಗಣ್ಣಿನದು ಅಂಚಿನಲ್ಲಿ ಹಿಡಿದುಕೊಂಡು ಹರಿಯಿತು. ಲೇಸು ಹೆಣೆದ ಬೆರಳುಗಳು ಅವು. ಆ ದಿನ ಅವು ಅವಸರ ಮಾಡಿದ್ದಕ್ಕೆ ಹರಿಯಿತೋ, ಕಣ್ಣು ಕೆಟ್ಟು ಹರಿಯಿತೋ ಅವಳಿಗೆ ತಿಳಿಯಲಿಲ್ಲ. ಮನೆಗೆ ಹೋದ ಮೇಲೂ ಅದನ್ನೇ ಯೋಚಿಸಿದಳು.

ಮಾರನೆಯ ಬೆಳಿಗ್ಗೆ ಯಂತ್ರ ಆರ್‌ಎನ್‌ಎಗೆ ಅಂಕ ಕೊಟ್ಟಿತು. ಹತ್ತಕ್ಕೆ ಏಳು ಬಂದರೆ ಎಲ್ಲ ಜೀನುಗಳನ್ನೂ ಒಟ್ಟಿಗೆ ಓದಬಹುದು. ಎಡಗಣ್ಣಿಗೆ ಐದೂವರೆ. ಬಲಗಣ್ಣಿಗೆ ಅದಕ್ಕೂ ಕಡಿಮೆ.

"ಪೂರ್ತಿ ಓದೋದು ಆಗಲ್ಲ," ಎಂದರು ಡಾಕ್ಟರ್. "ಅನುಮಾನ ಇರೋ ನಾಲ್ಕೈದು ಜೀನು ಬಿಡಿಬಿಡಿಯಾಗಿ ಅಳೀಬಹುದು. ಅದೃಷ್ಟ ಇದ್ರೆ ಅದರಲ್ಲಿ ಒಂದು ಸಿಗತ್ತೆ."

"ಇಲ್ದಿದ್ರೆ?"

ಡಾಕ್ಟರ್ ಹಾಳೆ ತಿರುಗಿಸಿ ಆ ಜೀನುಗಳ ಹೆಸರು ಬರೆಯತೊಡಗಿದರು.

ಕರಾಯಿ ಸಿಂದುಲ್ಫೊಗೆ ಫೋನ್ ಮಾಡುವುದನ್ನು ಅವಳು ಸಂಜೆಯವರೆಗೆ ತಳ್ಳಿದಳು. ಅವರು ಮೊದಲ ರಿಂಗಿಗೇ ಎತ್ತಿದರು.

"ಉಪಯೋಗಕ್ಕೆ ಬಂತಾ, ಮಗಳೇ?"

"ಅರ್ಧ ಬಂತು, ಕರಾಯಿ. ಅರ್ಧ ನಮ್ಮ ತಪ್ಪಿನಿಂದ ಹೋಯ್ತು. ರಸ್ತೇಲಿ ಐಸು ಕೊಟ್ಬಿಟ್ವಿ."

"ತೆರೆರೆಗಾ?"

"ಹೂಂ."

ಆ ಕಡೆ ಕೋಳಿಗಳ ಸದ್ದು ಕೇಳುತ್ತಿತ್ತು. ಮುದುಕರು ಉಸಿರುಬಿಟ್ಟರು. "ಕೇಳಿದ್ರೆ ಏನು ಮಾಡ್ತೀರಿ ಮತ್ತೆ. ಅವಳಿಗೂ ಅರ್ಧ ದಿನ ತಾನೇ ಕಾಣ್ತಿದ್ದದ್ದು." ಕೋಳಿಗಳನ್ನು ಓಡಿಸಿ ಮತ್ತೆ ಫೋನಿಗೆ ಬಂದರು. "ಅವಳ ಕರು ನಿನ್ನೆ ಸಂಜೆ ಕೊಟ್ಟಿಗೆ ಕಂಬಕ್ಕೆ ಹಾಯ್ಕೊಂಡಿತು."

ರುಮಿಲ್ದಾ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಇದನ್ನ ಕಡಿಯಕ್ಕೆ ಬಿಡಲ್ಲ, ಮೊದಲೇ ಹೇಳ್ತೀನಿ," ಎಂದರು ಅವರು.

"ಬೇಡ, ಕರಾಯಿ. ಸ್ವಲ್ಪ ರಕ್ತ ಕೊಟ್ರೆ ಸಾಕು. ಮೊರೊತೀಲಿ ಮೂಕ ಆಗಿರೋ ಜೀನು ಸಿಕ್ಕಿದ್ರೆ, ಅದೇ ತೊಂದರೆ ಕರುವಿಗೂ ಇದ್ಯಾ ಅಂತ ರಕ್ತದಲ್ಲೇ ನೋಡಬಹುದು."

"ಸಿಗದಿದ್ರೆ?"

"ಗೊತ್ತಿಲ್ಲ," ಎಂದಳು.

ಸೋಮವಾರ ಬೆಳಿಗ್ಗೆ, ಕರುವಿನ ರಕ್ತ ತರಲು, ತಾನಿ ಅವಳನ್ನು ಅಕಹಾಯ್‌ಗೆ ಕರೆದೊಯ್ಯಲು ಬಂದ. ಗಾಡಿಯಲ್ಲಿ ಎರಡು ಐಸ್‌ಪೆಟ್ಟಿಗೆ ಇದ್ದವು. ಒಂದಕ್ಕೆ ರುಮಿಲ್ದಾ ಬೀಗ ಹಾಕಿ, ಕೀಲಿಯನ್ನು ಕುತ್ತಿಗೆಯ ಸರಕ್ಕೆ ಪೋಣಿಸಿಕೊಂಡಳು. ಇನ್ನೊಂದರ ತುಂಬ ಬರಿ ಐಸು ತುಂಬಿಸಿ, ಕೇಳಿದವರಿಗೆ ಕೊಡಲೆಂದು ಹಿಂದುಗಡೆ ಇಡಿಸಿದಳು.