ಅಂಗಳದಲ್ಲೊಂದು ಹೆಜ್ಜೆ

ನೂರೊಂದು ತುಂಬಿದರೂ ಅರ್ಜೀಲಿಯಾ ಟಾರ್ವರ್ ಅಂಗಳ ಗುಡಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅಮೆರಿಕದ ಜಾರ್ಜಿಯಾದ ಆ ಕೆಮ್ಮಣ್ಣಿನಲ್ಲಿ ಕಪ್ಪು ಜನ ಮನೆಮುಂದೆ ಹುಲ್ಲು ಬೆಳೆಯಗೊಡುತ್ತಿರಲಿಲ್ಲ. ಹುಲ್ಲಿದ್ದರೆ ಹಾವು ಕಾಣದು. ಅರ್ಜೀಲಿಯಾಳ ಹೆದರಿಕೆ ಹಾವಿನದಲ್ಲ. ಸಂಜೆ ಕಡ್ಡಿಪೊರಕೆ ಹಿಡಿದು, ಗೇಟಿನಿಂದ ಹಿಂದೆ ಹಿಂದೆ ಬರುತ್ತ, ತನ್ನ ಹೆಜ್ಜೆಯನ್ನೂ ಅಳಿಸಿ ಮೆಟ್ಟಿಲು ಹತ್ತುವಳು. ಬೆಳಿಗ್ಗೆ ಕಾಫಿಗೂ ಮೊದಲು ಬಾಗಿಲು ಓರೆ ಮಾಡಿ ಮಣ್ಣು ನೋಡುವಳು.

ಅವಳಿಗೆ ಏಳು ವರ್ಷವಿದ್ದಾಗ, ಸೆಕೆಗೆಂದು ಜಗಲಿಯಲ್ಲಿ ಮಲಗಿದ್ದ ಅಣ್ಣ ಹೋಸಿಯಾ ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಅಂಗಳದ ತುಂಬ ಬೂಟಿನ ಗುರುತು, ನಡುವೆ ಅವನ ಬರಿಗಾಲು. ಹಿಂದಿನ ದಿನ ಬಿಳಿಯ ಧಣಿಗೆ ಹತ್ತಿಯ ತೂಕ ಸರಿಯಿಲ್ಲ ಎಂದಿದ್ದ, ಅಷ್ಟೇ. ಅವನು ಮರಳಲಿಲ್ಲ, ಹೂಳಲು ಮೈಯೂ ಸಿಗಲಿಲ್ಲ. ಅಮ್ಮ ಬಟ್ಟೆ ಒಗೆಯುವ ತಗಡಿನ ಬಾನಿಯನ್ನು ಮಗನ ಒಂದು ಹೆಜ್ಜೆಯ ಮೇಲೆ ಬೋರಲು ಹಾಕಿದಳು. ಮೂರು ಮಳೆ ಬಿದ್ದರೂ ಆ ಹೆಜ್ಜೆ ಉಳಿಯಿತು.

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕಪ್ಪು ಜನ ಮತ ಹಾಕುವುದನ್ನು ಬಿಳಿಯರು ಸಹಿಸದ ಕಾಲದಲ್ಲಿ, ಅರ್ಜೀಲಿಯಾ ಧೈರ್ಯಮಾಡಿ ಮತದಾರರ ಪಟ್ಟಿಗೆ ಹೆಸರು ಬರೆಸಿದಳು. ಮರುದಿನ ಬೆಳಿಗ್ಗೆ ಬೂಟಿನ ಗುರುತು ಮೆಟ್ಟಿಲವರೆಗೆ ಬಂದು ತಿರುಗಿಹೋಗಿತ್ತು. ಒಳಗೆ ನಾಲ್ಕು ಮಕ್ಕಳು. ಅಂದೇ ಹೋಗಿ ಪಟ್ಟಿಯಿಂದ ಹೆಸರು ತೆಗೆಸಿದಳು. ಕಾನೂನು ಬದಲಾಯಿತು, ಬಿಳಿಯರ ಶಾಲೆಯ ಬಾಗಿಲು ತೆರೆಯಿತು, ಕಪ್ಪು ಮೇಯರ್ ಕೂಡ ಬಂದ. ಇವಳು ಮಾತ್ರ ಪ್ರತಿ ಚುನಾವಣೆಗೂ ಟೋಪಿ ಹಾಕಿಕೊಂಡು ಹೊರಟು, ಚರ್ಚಿನ ಹಿಂದಿನ ಬೆಂಚಿನಲ್ಲಿ ಒಂದು ತಾಸು ಕೂತು, ಮತ ಹಾಕಿದೆನೆಂದು ಹೇಳಿಕೊಂಡು ಮನೆಗೆ ಬರುತ್ತಿದ್ದಳು. ನಗುವವರು ನಗಲಿ, ಆ ಬೂಟನ್ನು ಅವರು ಕಂಡಿಲ್ಲ.

ಈ ವರ್ಷ ಚುನಾವಣೆಗೆ ತಿಂಗಳಿರುವಾಗ ಮೊಮ್ಮಗಳು ನಡೀನ್ ಉಬ್ಬಿಕೊಂಡು ಬಂದಳು. ಊರಿನ ಅತಿ ಹಿರಿಯ ಮತದಾರಳೆಂದು ಚರ್ಚಿನವರು ಅಜ್ಜಿಗೆ ಸನ್ಮಾನ ಮಾಡುತ್ತಾರಂತೆ. ಅರ್ಜೀಲಿಯಾ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ನನ್ನ ಹೆಸರೇ ಇಲ್ಲ ಮಗಾ. ಆಗಲೇ ನಾನೇ ಪಟ್ಟಿಯಿಂದ ತೆಗೆಸಿಬಿಟ್ಟೆ. ಅರವತ್ತು ವರ್ಷದಿಂದ ಸುಳ್ಳು ಹೇಳ್ಕೊಂಡು ಬಂದೆ."

ನಡೀನ್ ಅಜ್ಜಿಯ ಪಕ್ಕದಲ್ಲಿ ಕೂತಳು. "ಸನ್ಮಾನ ಹಾಳಾಗ್ಲಿ. ಇನ್ನೂ ಟೈಮಿದೆ ಅಜ್ಜಿ. ಮತ್ತೆ ಹೆಸರು ಬರೆಸ್ತೀಯಾ?"

ಬರೆಸಿದಳು. ಮುಂದಿನ ಒಂದೊಂದು ಬೆಳಿಗ್ಗೆಯೂ ಬಾಗಿಲ ಸಂದಿನಲ್ಲಿ ಉಸಿರು ಹಿಡಿದು ನಿಂತಳು. ಅಂಗಳ ಚೊಕ್ಕವಾಗಿತ್ತು, ಆದರೂ ಹೆದರಿಕೆ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಮತದಾನದ ದಿನ ಟೋಪಿ ಹಾಕಿ, ನಡೀನಳ ತೋಳು ಹಿಡಿದು ಇಳಿದಳು. ಗೇಟಿನ ಬಳಿ ತಿರುಗಿ ಕೆಮ್ಮಣ್ಣಿನ ಮೇಲೆ ಮೂಡಿದ ತನ್ನ ಹೆಜ್ಜೆಗಳನ್ನು ನೋಡಿದಳು.

"ಹಿತ್ತಲಲ್ಲಿ ಅಮ್ಮನ ಬಾನಿ ಇದೆ, ತಗೊಂಬಾ. ಈ ನನ್ನ ಒಂದು ಹೆಜ್ಜೆ ಮೇಲೆ ಬೋರಲು ಹಾಕು."

"ಯಾಕಜ್ಜಿ? ಅರ್ಧ ಗಂಟೇಲಿ ವಾಪಸ್ ಬರ್ತೀವಲ್ಲ."

"ಹೋಸಿಯಾನೂ ಬರ್ತಾನೆ ಅಂದ್ಕೊಂಡಿದ್ವಿ. ಹಾಕು ಮಗಾ. ಆಮೇಲೆ ಹೋಗೋಣ."

ನಡೀನ್ ಬಾನಿ ತಂದು ಹಾಕಿದಳು. ಅರ್ಜೀಲಿಯಾ ಗೇಟು ತೆಗೆದಳು.