ಮಾತಿಗೆ ಮೊದಲ ದಾರಿ

ಅವರ ಕನ್ನಡಕಕ್ಕೆ ದಾರವಿರಲಿಲ್ಲ. ನೀಲಿ ನೆಟ್ ಕೇಬಲ್ಲಿನ ತುಂಡೊಂದನ್ನು ಎರಡೂ ಕಡ್ಡಿಗಳಿಗೆ ಬಿಗಿದು ಕೊರಳಿಗೆ ಇಳಿಬಿಟ್ಟಿದ್ದರು. ಅದು ಬೆವರಿಗೆ ಉಜ್ಜಿ ಉಜ್ಜಿ ಕತ್ತಿನ ಹಿಂದೆ ಕಪ್ಪು ಗೆರೆಯಾಗಿತ್ತು. ಅಜ್ಜಂಪುರದಲ್ಲಿ ಎಲ್ಲರಿಗೂ ಅವರು ಕೇಬಲ್ ಅಕ್ಕ. ಗಂಡ ತೀರಿಕೊಂಡ ಮೇಲೆ ಟಿ.ವಿ. ಕೇಬಲ್ಲಿನ ವ್ಯವಹಾರ ಅವರ ಕೈಗೆ ಬಂತು. ಅದು ಬಡವಾಗುತ್ತಾ ಬಂದಾಗ ಅವೇ ಕಂಬಗಳ ಮೇಲೆ ಇಂಟರ್ನೆಟ್ ಎಳೆದರು.

ತರೀಕೆರೆಯಿಂದ ಅವರಿಗೆ ಬರುತ್ತಿದ್ದದ್ದು ಒಂದೇ ಲೈನು. ಅದನ್ನೇ ಊರಿಗೆಲ್ಲ ಹಂಚಬೇಕು. ಸಂಜೆ ಮನೆಮನೆಯಲ್ಲೂ ಸಿನಿಮಾ ಶುರುವಾದರೆ ಲೈನು ಕಟ್ಟಿಕೊಂಡು, ಇಂಟರ್ನೆಟ್ ಫೋನಿನಲ್ಲಿ ಮಾತಾಡುವವರ ದನಿ ತುಂಡುತುಂಡಾಗುತ್ತಿತ್ತು. ಅಕ್ಕ ತಮ್ಮ ಮೆಷೀನಿನಲ್ಲಿ ಒಂದು ನಿಯಮ ಹಾಕಿದರು: ಫೋನ್ ಕರೆಗಳು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

ಯಾಕೆಂದು ನಾನು ಕೇಳಿದಾಗ ಹೇಳಿದ್ದರು: “ನಮ್ಮಪ್ಪ ಬುಕ್ಕಾಂಬುಧಿ ಕೆರೆ ನೀರುಗಂಟಿ ಕಣಪ್ಪ. ಊರ ಗದ್ದೆಗೆಲ್ಲ ನೀರು ಹಂಚೋನು. ನೀರು ಕಮ್ಮಿ ಆದ ವರ್ಷ ಮೊದ್ಲು ಸಸಿಮಡಿಗೆ ಬಿಡ್ತಿದ್ದ. ಅದು ಕುಡಿಯೋದು ಒಂಚೂರು, ಆದ್ರೆ ಕಾಯಲ್ಲ. ಸಿನಿಮಾ ಕಾಯ್ತೈತೆ, ಮಾತು ಕಾಯಲ್ಲ.”

ಆ ನಿಯಮದ ಮೇಲೆ ನಮ್ಮ ಮನೆ ನಿಂತಿತ್ತು. ಕಡೂರು, ತರೀಕೆರೆ ಸುತ್ತಿ ನಾನು ಪತ್ರಿಕೆಗೆ ಕಳಿಸುವ ಸುದ್ದಿಯಿಂದ ಸಂಸಾರ ಸಾಗುವುದಿಲ್ಲ. ಹೆಂಡತಿ ಮನೆಯಲ್ಲೇ ಕೂತು, ದೂರದ ಆಸ್ಪತ್ರೆಯೊಂದಕ್ಕೆ ಬರುವ ಕರೆಗಳಿಗೆ ಉತ್ತರಿಸುವ ಕೆಲಸ ಹಿಡಿದಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಿಯಮ ಬರುವ ಮೊದಲು, ದನಿ ಕಡಿಯುತ್ತದೆಂದು ಒಮ್ಮೆ ಎಚ್ಚರಿಕೆ ಬಂದಿತ್ತು. ಇನ್ನೊಮ್ಮೆ ದೂರು ಹೋದರೆ ಬಿಡಿಸುತ್ತೇವೆ ಎಂದಿದ್ದರು.

ಕ್ರಿಕೆಟ್ ಪಂದ್ಯವಿದ್ದ ಒಂದು ಸಂಜೆ ಅವಳ ಕರೆಗಳು ಮತ್ತೆ ಕಡಿಯತೊಡಗಿದವು. ನಾನು ಅಕ್ಕನ ಅಂಗಡಿಗೆ ಓಡಿದೆ. ಅವರು ಪರದೆ ನೋಡುತ್ತಾ ಕೂತಿದ್ದರು.

“ಊರೋರೆಲ್ಲ ಒಟ್ಟಿಗೇ ಫೋನಲ್ಲಿ ಮಾತಾಡ್ತಾವ್ರೆ. ಏನಪ್ಪಾ ಪೇಪರಿನೋನೇ, ಯಾರಾದ್ರೂ ಸತ್ರಾ?”

ಯಾರೂ ಸತ್ತಿರಲಿಲ್ಲ. ನಾವಿಬ್ಬರೂ ಬಸ್ ನಿಲ್ದಾಣದ ಬಳಿಯ ಹೋಟೆಲಿಗೆ ಬಂದಾಗ ಗುಟ್ಟು ತಿಳಿಯಿತು. ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನ ಸುತ್ತ ಜನ ಮುಗಿಬಿದ್ದಿದ್ದರು. ಪಂದ್ಯ ನೆಟ್ಟಿನಲ್ಲಿ ತಡವರಿಸುತ್ತದೆಂದು, ಡಿಶ್ ಇದ್ದವನೊಬ್ಬ ತನ್ನ ಮನೆಯ ಟಿ.ವಿ.ಗೆ ಫೋನ್ ಹಿಡಿದು ಊರಿಗೆಲ್ಲ ವೀಡಿಯೋ ಕಾಲ್ ಮಾಡಿದ್ದ. ಅಕ್ಕನ ಮೆಷೀನಿಗೆ ಅದೂ ಫೋನ್ ಕರೆಯೇ. ನಾವು ನೋಡುತ್ತಿದ್ದಂತೆ ಅವನ ಮನೆಯ ಅಜ್ಜಿಯೊಬ್ಬರು ಬ್ಯಾಟ್ಸ್‌ಮನ್‌ಗೆ ಅಡ್ಡ ನಿಂತು ಸೊಪ್ಪು ಸೋಸುವ ಮೊರ ಹುಡುಕಿದರು.

ಅಕ್ಕ ಯಾರನ್ನೂ ಬೈಯಲಿಲ್ಲ. ಮಂಡಿ ಹಿಡಿದುಕೊಂಡು ಅಂಗಡಿಗೆ ವಾಪಸ್ ನಡೆದರು. ಮೆಷೀನಿನಲ್ಲಿ ಒಂದೊಂದು ಕರೆಗೂ ದನಿ ಹೋಗುವಷ್ಟೇ ದಾರಿ ಬಿಟ್ಟು, ವೀಡಿಯೋವನ್ನೆಲ್ಲ ಸಿನಿಮಾಗಳ ಹಿಂದಕ್ಕೆ ತಳ್ಳಿದರು. ಸ್ವಲ್ಪ ಹೊತ್ತಿಗೆ ಹೋಟೆಲಿನವನು ಬಂದ.

“ಅಕ್ಕಾ, ಆಟ ನಿಂತೋಯ್ತು. ಬರೀ ಕೂಗಾಟ ಕೇಳಿಸ್ತೈತೆ.”

“ಕೇಳಿಸ್ತೈತಲ್ಲ, ಕೇಳು. ನಿಮ್ಮಪ್ಪ ರೇಡಿಯೋ ಕಿವಿಗೆ ಹಚ್ಕೊಂಡು ಕೇಳ್ತಿರ್ಲಿಲ್ವೇನೋ?”

“ಇವತ್ತೊಂದಿನ ಬಿಡಕ್ಕ. ಇಲ್ಲಾಂದ್ರೆ ನಾಳೆ ಬೇರೆ ಲೈನ್ ಹಾಕಿಸ್ಕೋತೀನಿ.”

“ಹಾಕಿಸ್ಕೋ. ನೀನು ಹೋದ್ರೆ ಉಳಿದೋರಿಗೆ ಜಾಗ ಆಯ್ತದೆ.”

ಅವನು ಹೋದ ಮೇಲೆ ನಾನು ಕೃತಜ್ಞತೆಯ ಮಾತು ತೆಗೆದೆ. ಅಕ್ಕ ತಡೆದರು. “ನಿನ್ನ ಹೆಂಡ್ತಿಗೆ ಅಂತ ಮಾಡಿಲ್ಲಪ್ಪ. ಸಾಕಾಗೈತೆ, ಹೋಗು.”

ಹೋಟೆಲಿನವನು ನಿಜವಾಗಿಯೂ ಲೈನ್ ಬದಲಿಸಿದ. ಅವನ ಹಿಂದೆ ಇನ್ನೂ ಹಲವರು ಹೋದರು. ಆಗಷ್ಟೇ ಊರಿಗೆ ಬಂದಿದ್ದ ಹೊಸ ಕಂಪನಿಯ ಲೈನು ದೊಡ್ಡದು, ಅಲ್ಲಿ ಯಾರಿಗೂ ಯಾರೂ ದಾರಿ ಬಿಡಬೇಕಾಗಿರಲಿಲ್ಲ. ಅಕ್ಕ ಯಾರನ್ನೂ ವಾಪಸ್ ಕರೆಯಲು ಹೋಗಲಿಲ್ಲ. ಸಕ್ಕರೆ ಕಾಯಿಲೆ ಕಾಲಿಗಿಳಿದಿತ್ತು. ಏಣಿ ಹತ್ತಲು ಆಗದೆ ಕಂಬದ ಕೆಳಗೆ ನಿಂತು, ಕೂಲಿಗೆ ಬಂದವನಿಗೆ ಯಾವ ತಂತಿ ಎಂದು ಕೋಲಿನಿಂದ ತೋರಿಸುತ್ತಿದ್ದರು. ನಿಯಮವನ್ನು ಮಾತ್ರ ಸಡಿಲಿಸಲಿಲ್ಲ. ಅದೇ ಲೈನಿನಲ್ಲಿ ನನ್ನ ಹೆಂಡತಿಯ ಕೆಲಸ ಕಾಯಂ ಆಯಿತು. ಅದನ್ನು ಹೇಳಲು ಹೋದಾಗ “ಒಳ್ಳೇದಾಯ್ತು” ಎಂದು ಕಣ್ಣು ಮುಚ್ಚಿ ಗೋಡೆಗೆ ಒರಗಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಕ್ಕ ತೀರಿಕೊಂಡ ಸುದ್ದಿ ಮಧ್ಯಾಹ್ನ ಬಂತು. ನಾನು ಮನೆಗೆ ಹೋದಾಗ ಹೆಂಡತಿ ಕರೆಯಲ್ಲಿದ್ದಳು. ಬಾಗಿಲಲ್ಲಿ ನಿಂತ ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. ಆ ಕಡೆಯಲ್ಲಿ ಯಾರೋ ಮುದುಕರು, ಕಿವಿ ಮಂದವಿರಬೇಕು. ಯಾವ ಡಾಕ್ಟರು, ಯಾವ ದಿನ, ಖಾಲಿ ಹೊಟ್ಟೆಯಲ್ಲಿ ಬರಬೇಕೇ ಎಂದು ಕೇಳಿದ್ದನ್ನೇ ಕೇಳುತ್ತಿದ್ದರು. ಅವಳು ಕಣ್ಣು ಒರೆಸಿಕೊಳ್ಳುತ್ತಾ, ಬಿಡಿಸಿ ಬಿಡಿಸಿ, ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಒಂದು ಅಕ್ಷರವೂ ಕಡಿಯಲಿಲ್ಲ.